ಕೈಗೆ ಬಂದ ಸ್ಟೀರಿಂಗ್

1938ರ ಜುಲೈ 24. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಜರ್ಮನ್ ಗ್ರಾಂಡ್ ಪ್ರಿ ನಡೆದಿತ್ತು. ಮರ್ಸಿಡಿಸ್ ಡಬ್ಲ್ಯು 154 ಕಾರಿನಲ್ಲಿ ಮ್ಯಾನ್‌ಫ್ರೆಡ್ ಫಾನ್ ಬ್ರೌಕಿಟ್ಷ್ ಮುಂದಿದ್ದ. ಇಂಧನ ತುಂಬಿಸಲು ಪಿಟ್‌ಗೆ ಬಂದಾಗ ಇಂಧನ ಚೆಲ್ಲಿ ಕಾರಿಗೆ ಬೆಂಕಿ ಹತ್ತಿತು. ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬೌವರ್ ಅವನನ್ನು ಹೊರಗೆಳೆದ. ಬೆಂಕಿ ಆರಿಸಿದರು, ಅವನು ಮತ್ತೆ ಹತ್ತಿ ಕೂತು ಹೊರಟ. ಹೆಚ್ಚು ದೂರ ಹೋಗಲಿಲ್ಲ. ಫ್ಲೂಗ್‌ಪ್ಲಾಟ್ಸ್ ದಿಬ್ಬದ ಬಳಿ ಕಾರು ರಸ್ತೆ ಬಿಟ್ಟು ಹೊರಗೆ ಬಿತ್ತು. ಕಾರಿನಿಂದ ಹೊರಬಂದವನ ಕೈಯಲ್ಲಿ ಸ್ಟೀರಿಂಗ್ ವೀಲ್ ಇತ್ತು. ಓಡುತ್ತಿರುವಾಗಲೇ ಅದು ಕಳಚಿ ಕೈಗೆ ಬಂತು ಎಂದ. ಅವತ್ತು ಗೆದ್ದದ್ದು ಅದೇ ತಂಡದ ರಿಚರ್ಡ್ ಸೀಮನ್.

ಆ ಕಾಲದ ಗ್ರಾಂಡ್ ಪ್ರಿ ಕಾರುಗಳ ಕಾಕ್‌ಪಿಟ್ ಇಕ್ಕಟ್ಟು. ಹತ್ತಿ ಇಳಿಯಲು ಅನುಕೂಲವಾಗಲಿ ಎಂದು ಸ್ಟೀರಿಂಗ್ ವೀಲನ್ನು ಬಿಚ್ಚುವಂತೆ ಮಾಡಿದ್ದರು. ಬೆಂಕಿಯ ಗಡಿಬಿಡಿಯಲ್ಲಿ ಬಿಚ್ಚಿದ ವೀಲ್ ಮತ್ತೆ ಹಾಕುವಾಗ ಸರಿಯಾಗಿ ಕಚ್ಚಿಕೊಂಡಿತ್ತೇ ಎಂಬುದು ಇವತ್ತಿಗೂ ಮೋಟಾರ್ ರೇಸ್ ಪ್ರಿಯರು ಮಾತಾಡಿಕೊಳ್ಳುವ ಪ್ರಶ್ನೆ. ನನ್ನ ಮಟ್ಟಿಗೆ, ವೀಲನ್ನು ಹೀಗೆ ಬಿಚ್ಚಿ ಹಾಕಲು ಬಳಸುವ ಕ್ವಿಕ್ ರಿಲೀಸ್ ಹಬ್ ಬಗ್ಗೆ ತಿಳಿಯಬೇಕಾದ್ದೆಲ್ಲ ಈ ಒಂದು ಪ್ರಸಂಗದಲ್ಲಿದೆ.

ಹೋದ ತಿಂಗಳು ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಆಫ್‌ರೋಡ್ ಗೆಳೆಯರು ಸೇರಿದ್ದೆವು. ಹಳೆಯ ಜಿಪ್ಸಿಗೆ ರೋಲ್ ಕೇಜ್ ಹಾಕಿಸಿ, ಬಕೆಟ್ ಸೀಟ್ ಕೂರಿಸಿಕೊಂಡಿದ್ದ ಹುಡುಗನೊಬ್ಬ ಪಕ್ಕಕ್ಕೆ ಬಂದು ಫೋನ್ ತೋರಿಸಿದ. ಮೂರು ಹಬ್‌ಗಳ ಚಿತ್ರ. “ಅಣ್ಣಾ, ಇದರಲ್ಲಿ ಯಾವುದು ತಗೊಳ್ಳಲಿ?” ಮೂರಕ್ಕೂ ವಿಡಿಯೊ ಇತ್ತು. ಮೂರರಲ್ಲೂ ಒಂದೇ ದೃಶ್ಯ: ಬೆರಳು ಒತ್ತುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ವೀಲ್ ಕೈಗೆ ಬರುತ್ತದೆ. ಎಷ್ಟು ಬೇಗ ಬಿಚ್ಚುತ್ತದೆ ಎಂಬುದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಹಾಕಿದ ಮೇಲೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬುದನ್ನು ತೋರಿಸುವವರು ಕಡಿಮೆ. ಆರಿಸುವಾಗ ನೋಡಬೇಕಾದ್ದು ಅದನ್ನೇ. ತೋಟದಲ್ಲಿ ಅವನಿಗೆ ಅರ್ಧ ಹೇಳಿದೆ, ಮಳೆ ಬಂತು, ಮಾತು ನಿಂತಿತು. ಉಳಿದದ್ದನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಹಬ್‌ನಲ್ಲಿ ಎರಡು ತುಂಡು. ಒಂದು ಸ್ಟೀರಿಂಗ್ ಕಾಲಂ ಮೇಲೆ ಉಳಿಯುತ್ತದೆ, ಇನ್ನೊಂದು ವೀಲಿನ ಬೆನ್ನಿಗೆ ಬೋಲ್ಟ್ ಆಗುತ್ತದೆ. ಇವೆರಡರ ನಡುವೆ ಎರಡು ಬೇರೆ ಬೇರೆ ಕೆಲಸಗಳಿವೆ, ಅಂಗಡಿಯಲ್ಲಿ ಅವನ್ನು ಒಂದೇ ಎಂಬಂತೆ ಹೇಳುತ್ತಾರೆ. ತಿರುಗಿಸುವ ಬಲವನ್ನು ದಾಟಿಸುವುದು ಒಂದು. ವೀಲ್ ಹಿಂದಕ್ಕೆ, ನಮ್ಮ ಎದೆಯ ಕಡೆಗೆ ಕಳಚಿ ಬರದಂತೆ ಹಿಡಿದಿಡುವುದು ಇನ್ನೊಂದು. ಮೊದಲನೆಯದನ್ನು ಮಾಡುವುದು ಹಲ್ಲು ಅಥವಾ ಮೂಲೆ. ಎರಡನೆಯದನ್ನು ಮಾಡುವುದು ಪಿನ್ನು ಇಲ್ಲವೇ ಉಕ್ಕಿನ ಗುಂಡುಗಳು. ಕೊಳ್ಳುವಾಗ ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ತಿರುಗಿಸುವ ಬಲದ ಲೆಕ್ಕ ಒಮ್ಮೆ ಹಾಕಿ ನೋಡಿ, ಹಬ್ ಬಗ್ಗೆ ಗೌರವ ಬರುತ್ತದೆ. 350 ಮಿಲಿಮೀಟರ್ ಅಗಲದ ವೀಲ್ ಇದೆ ಎನ್ನಿ. ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ಎರಡೂ ಕೈಯಲ್ಲಿ ತಲಾ 20 ಕೆ.ಜಿ. ಬಲ ಹಾಕಿ ತಿರುಗಿಸುತ್ತೀರಿ. ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರಿನ ಶಾಫ್ಟ್ ಮೇಲ್ಮೈಯಲ್ಲಿ ಅದು ಏಳುನೂರು ಕೆ.ಜಿ.ಗೂ ಮೀರಿದ ಬಲ. ಬಲ ಹೀಗೆ ದೊಡ್ಡದಾಗುವಂತೆಯೇ ಸಡಿಲವೂ ದೊಡ್ಡದಾಗುತ್ತದೆ. ಹಬ್‌ನೊಳಗೆ 0.1 ಮಿಲಿಮೀಟರ್ ಸಂದಿ ಇದ್ದರೆ ವೀಲಿನ ಅಂಚಿನಲ್ಲಿ ಅದು ಸುಮಾರು 1.8 ಮಿಲಿಮೀಟರ್ ಆಗಿ ಕೈಗೆ ಸಿಗುತ್ತದೆ. ತಲೆಗೂದಲ ದಪ್ಪದ ಸವೆತವನ್ನು ಅಂಗೈ ಗುರುತಿಸುವುದು ಇದರಿಂದಲೇ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ. ಕೆಲವು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಅಗ್ಗದ ಹಬ್ ಒಂದನ್ನು ತರಿಸಿದ್ದೆ. ಆರು ಮೂಲೆಯ ಶಾಫ್ಟು, ಮೂರು ಬೋಲ್ಟು, ಸುತ್ತ ಎಳೆಯುವ ಬಳೆ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ನೇರ ರಸ್ತೆಯಲ್ಲಿ ವೀಲನ್ನು ಎಡಕ್ಕೆ ಬಲಕ್ಕೆ ಒಂದು ಬೆರಳಿನಷ್ಟು ಆಡಿಸಿದರೂ ಮುಂದಿನ ಚಕ್ರಕ್ಕೆ ಸುದ್ದಿಯೇ ಹೋಗುತ್ತಿರಲಿಲ್ಲ. ಸ್ಟೀರಿಂಗ್ ಬಾಕ್ಸ್ ಹೋಯಿತೆಂದುಕೊಂಡು ಅದನ್ನೂ ಬಿಚ್ಚಿಸಿದೆ. ಅದು ಸರಿಯಿತ್ತು. ಕೊನೆಗೆ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ಹಿರಿಯರೊಬ್ಬರ ಹತ್ತಿರ ಹಬ್ ಒಯ್ದೆ. ಅವರು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದರು. ಆರು ಮೂಲೆಗಳೂ ಒಂದು ಬದಿಗೆ ಹೊಳೆಯುತ್ತಿದ್ದವು, ಚೂಪು ಹೋಗಿತ್ತು. ವರ್ನಿಯರ್ ಇಟ್ಟು ನೋಡಿದರು. ಮೂಲೆಯಲ್ಲಿ 0.7 ಮಿಲಿಮೀಟರ್ ಸವೆತ.

“ನೋಡಿ ಸಾರ್, ಭಾರ ಎಲ್ಲಾ ಈ ಆರು ಮೂಲೆ ಮೇಲೇ ಬೀಳೋದು. ನಟ್ಟಿನ ಮೂಲೆ ಹೋದ್ಮೇಲೆ ಸ್ಪ್ಯಾನರ್ ಜಾರಲ್ವಾ, ಹಂಗೇನೇ ಇದು. ಇನ್ನೊಂದು ಸಲ ಜೋರಾಗಿ ತಿರುಗಿಸಿದ್ರೆ ವೀಲ್ ಒಂದೇ ತಿರುಗ್ತಿತ್ತು.”

ಆರು ಮೂಲೆಯ ಹಬ್‌ಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಉಕ್ಕಿನಲ್ಲಿ, ಬಿಗಿಯಾದ ಅಳತೆಯಲ್ಲಿ ಮಾಡಿದವು ಇವೆ, ಗೋ ಕಾರ್ಟ್‌ನಂಥ ಹಗುರ ವಾಹನಕ್ಕೆ ಅವು ಸಾಕು. ಆದರೆ ದೊಡ್ಡ ಟೈರ್ ಹಾಕಿದ ಜೀಪಿಗೆ, ಕಲ್ಲುಹಾದಿಯಲ್ಲಿ ಏಟು ತಿನ್ನುವ ಸ್ಟೀರಿಂಗಿಗೆ ನಾನು ಸ್ಪ್ಲೈನ್ ಹಬ್ ಬಿಟ್ಟು ಬೇರೆಯದನ್ನು ಯಾರಿಗೂ ಹೇಳುವುದಿಲ್ಲ. ಸ್ಪ್ಲೈನ್‌ನಲ್ಲಿ ಶಾಫ್ಟ್ ಸುತ್ತ ಸಣ್ಣ ಹಲ್ಲುಗಳ ಸಾಲು ಇರುತ್ತದೆ, ಆ ಏಳುನೂರು ಕೆ.ಜಿ. ಅಷ್ಟೂ ಹಲ್ಲಿಗೆ ಹಂಚಿಹೋಗುತ್ತದೆ. ಅದರಲ್ಲೂ ಒಂದು ಹಲ್ಲು ಬಿಟ್ಟು, ಅಥವಾ ಒಂದನ್ನು ಅಗಲ ಮಾಡಿ, ಒಂದೇ ದಿಕ್ಕಿನಲ್ಲಿ ಕೂರುವಂತೆ ಮಾಡಿದ್ದನ್ನು ಆರಿಸಿ. 36 ಹಲ್ಲಿನ ಸ್ಪ್ಲೈನ್‌ನಲ್ಲಿ ಒಂದು ಹಲ್ಲು ಆಚೆ ಈಚೆ ಕೂತರೆ ವೀಲ್ 10 ಡಿಗ್ರಿ ಓರೆ. ಕತ್ತಲಲ್ಲಿ, ಕೆಸರಿನಲ್ಲಿ, ಅವಸರದಲ್ಲಿ ಹಾಕುವಾಗ ಚಕ್ರ ನೇರ ಎಲ್ಲಿದೆ ಎಂದು ಲೆಕ್ಕ ಹಾಕುತ್ತ ಕೂರುವ ಪರಿಸ್ಥಿತಿ ಬರಬಾರದು.

ಉಕ್ಕಿನ ಗುಂಡುಗಳಿಂದ ಹಿಡಿದುಕೊಳ್ಳುವ ಬಾಲ್ ಲಾಕ್ ಹಬ್‌ಗಳು ಡಾಂಬರಿನ ಮೇಲೆ ಓಡುವ ರೇಸ್ ಕಾರುಗಳಲ್ಲಿ ಬಹಳ ಚೆನ್ನ. ಜಪಾನಿನ ವರ್ಕ್ಸ್ ಬೆಲ್‌ನವರ ರ‍್ಯಾಪ್‌ಫಿಕ್ಸ್, ಅಮೆರಿಕದ ಎನ್‌ಆರ್‌ಜಿ, ಜರ್ಮನಿಯ ಕ್ರೋನ್‌ಟೆಕ್, ಇಂಗ್ಲೆಂಡಿನ ಲೈಫ್‌ಲೈನ್, ಇಟಲಿಯ ಸ್ಪಾರ್ಕೊ ಮತ್ತು ಓಎಂಪಿ, ಹೆಸರು ಕೇಳಿದವರು ಇದ್ದೀರಿ. ಇವುಗಳಲ್ಲಿ ಬೀದಿ ಕಾರಿನ ಚಂದಕ್ಕೆ ಮಾಡಿದ್ದೂ ಇದೆ, ಇಪ್ಪತ್ತನಾಲ್ಕು ಗಂಟೆ ರೇಸಿಗೆ ಮಾಡಿದ್ದೂ ಇದೆ. ಹೆಸರು ನೋಡಿ ಕೊಂಡರೆ ಸಾಲದು, ಯಾವ ಕೆಲಸಕ್ಕೆ ಮಾಡಿದ ಮಾದರಿ ಎಂದು ಓದಬೇಕು. ಅಮೆರಿಕದ ಎಸ್‌ಎಫ್‌ಐ ಸಂಸ್ಥೆ ಕ್ವಿಕ್ ರಿಲೀಸ್ ಹಬ್‌ಗೆ 42.1 ಎಂಬ ಮಾನದಂಡವನ್ನೇ ಇಟ್ಟಿದೆ, ಆ ಗುರುತಿನ ಚೀಟಿ ಇರುವ ಹಬ್ ಸಿಕ್ಕರೆ ದುಡ್ಡು ಹೆಚ್ಚಾದರೂ ಕೊಡಿ. ಇದೇ ಹೆಸರುಗಳ ನಕಲು ಮಾಲು ಮಾರುಕಟ್ಟೆ ತುಂಬ ಇದೆ. ಬಣ್ಣ, ಅಕ್ಷರ, ಡಬ್ಬಿ ಎಲ್ಲ ಅಚ್ಚುಕಟ್ಟು. ಒಳಗಿನ ಲೋಹ ಏನೆಂದು ಕೈಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ನಮ್ಮ ಮಲೆನಾಡಿನ ಮಣ್ಣಿಗೆ ಬಾಲ್ ಲಾಕ್ ಹೊಂದುವುದು ಕಷ್ಟ ಎಂಬುದು ನನ್ನ ಅನುಭವ. ಕೆಂಪು ಧೂಳು ಗ್ರೀಸಿಗೆ ಅಂಟಿ, ಒಣಗಿ, ಗುಂಡುಗಳ ಸುತ್ತ ಗಾರೆಯಂತೆ ಕಟ್ಟುತ್ತದೆ. ಆಗ ಬಳೆ ಪೂರ್ತಿ ಮುಂದಕ್ಕೆ ಬರುವುದಿಲ್ಲ. ಗುಂಡುಗಳು ಅರ್ಧ ಮಾತ್ರ ತೋಡಿಗೆ ಇಳಿದು ನಿಲ್ಲುತ್ತವೆ. ವೀಲ್ ಕೂತಂತೆ ಕಾಣುತ್ತದೆ, ತಿರುಗುತ್ತದೆ, ಗಾಡಿಯೂ ಹೊರಡುತ್ತದೆ. ಹಳ್ಳದಿಂದ ಮೇಲೆ ಹತ್ತುವಾಗ ಸೀಟಿನಲ್ಲಿ ಹಿಂದಕ್ಕೆ ಒರಗಿದವನು ತನಗೇ ತಿಳಿಯದೆ ವೀಲನ್ನು ಎದೆಯ ಕಡೆ ಎಳೆದಾಗ ಅದು ಕಳಚಿ ಬರುತ್ತದೆ. ಇದನ್ನು ತಪ್ಪಿಸಲು ಎಣ್ಣೆ ಗ್ರೀಸು ಬಿಟ್ಟುಬಿಡಿ. ಬ್ರೇಕ್ ಕ್ಲೀನರ್ ಹೊಡೆದು ತೊಳೆದು, ಒಣಗುವ ಜಾತಿಯ ಡ್ರೈ ಲೂಬ್ರಿಕೆಂಟ್ ತೆಳುವಾಗಿ ಹಾಕಿ. ವೀಲ್ ಬಿಚ್ಚಿಟ್ಟಾಗ ಶಾಫ್ಟ್ ತಲೆಗೆ ಒಂದು ಮುಚ್ಚಳವೋ ಪ್ಲಾಸ್ಟಿಕ್ ಚೀಲವೋ ಕಟ್ಟಿ.

ಈಗ ಬಿಚ್ಚುವ ಬಗೆ. ಇಲ್ಲಿ ನಾನು ಹೊಸದೇನೂ ಹೇಳಬೇಕಿಲ್ಲ, ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಬರೆದಿಟ್ಟಿದೆ. ಬಿಚ್ಚುವ ಭಾಗ ಸ್ಟೀರಿಂಗ್ ಅಕ್ಷದ ಸುತ್ತ ಸಮನಾದ ಬಳೆಯಾಗಿರಬೇಕು, ವೀಲಿನ ಹಿಂದೆ ಇರಬೇಕು, ಅಕ್ಷದ ಉದ್ದಕ್ಕೆ ಎಳೆದರೆ ಬಿಚ್ಚಬೇಕು, ಮತ್ತು ಅಳಿಸಿಹೋಗದ ಹಳದಿ ಬಣ್ಣದ್ದಾಗಿರಬೇಕು. ಹಳದಿಯೇ ಏಕೆ ಎಂದು ಒಬ್ಬ ನ್ಯಾವಿಗೇಟರ್ ಗೆಳೆಯ ಕೇಳಿದ್ದ. ಗಾಡಿ ಮಗುಚಿ ಡ್ರೈವರ್ ಪ್ರಜ್ಞೆ ತಪ್ಪಿದ್ದಾನೆ ಎಂದುಕೊಳ್ಳಿ. ಕೇಜಿನ ಸಂದಿಯಿಂದ ಕೈ ಹಾಕುವವನು ಆ ಗಾಡಿಯನ್ನು ಹಿಂದೆಂದೂ ನೋಡಿಲ್ಲ. ಗುಂಡಿ ಒತ್ತಬೇಕೋ, ಸನ್ನೆ ಎತ್ತಬೇಕೋ, ಪಿನ್ ಕೀಳಬೇಕೋ ಅವನಿಗೆ ತಿಳಿಯದು. ಹಳದಿ ಬಳೆ ಕಂಡರೆ ಹಿಡಿದು ಎಳೆಯುತ್ತಾನೆ. ಯಾವ ಕಡೆಯಿಂದ ಕೈ ಹೋದರೂ ಬಳೆ ಸಿಗುತ್ತದೆ. ಎರಡು ಪಕ್ಕದಲ್ಲಿ ಎರಡು ಗುಂಡಿ ಇರುವ ಹಬ್‌ನಲ್ಲಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಒಂದು ಕೈ ಮುರಿದಿದ್ದರೆ ಏನು ಮಾಡುವುದು? ಅಂಥದ್ದನ್ನು ಎಷ್ಟೇ ಚಂದ ಇದ್ದರೂ ನಾನು ಕೊಳ್ಳುವುದಿಲ್ಲ.

ಸೆಕೆಂಡುಗಳ ಮಾತೂ ನಿಯಮದಲ್ಲೇ ಇದೆ. ಫಾರ್ಮುಲಾ ಒನ್‌ನಲ್ಲಿ ಚಾಲಕ ವೀಲ್ ತೆಗೆದು 5 ಸೆಕೆಂಡಿನಲ್ಲಿ ಹೊರಬರಬೇಕಿತ್ತು. 2018ರಲ್ಲಿ ಚಾಲಕನ ತಲೆ ಕಾಯುವ ಹೇಲೋ ಚೌಕಟ್ಟು ಬಂದ ಮೇಲೆ ಅದನ್ನು 7 ಮಾಡಿದರು. ಅಲ್ಲಿ ಇನ್ನೊಂದು ವಿವರವಿದೆ: ಹೊರಬಂದ ಮೇಲೆ ವೀಲನ್ನು ವಾಪಸ್ ಹಾಕುವುದಕ್ಕೂ ಸಮಯ ಗೊತ್ತುಮಾಡಿದ್ದಾರೆ. ಕಾರನ್ನು ತಳ್ಳಿಕೊಂಡು ಹೋಗುವ ಮಾರ್ಷಲ್‌ಗಳಿಗೆ ಸ್ಟೀರಿಂಗ್ ಬೇಕಲ್ಲ. ಬಿಚ್ಚುವುದರ ಜೊತೆಗೇ ಹಾಕುವುದನ್ನೂ ನಿಯಮ ಲೆಕ್ಕಕ್ಕೆ ತೆಗೆದುಕೊಂಡಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಕಡೆಯಿಂದ ಫಾರ್ಮುಲಾ ಸ್ಟೂಡೆಂಟ್, ಬಾಹಾ ಸ್ಪರ್ಧೆಗಳಿಗೆ ಗಾಡಿ ಕಟ್ಟಿಕೊಂಡು ಹೋಗುವವರನ್ನು ಕೇಳಿ ನೋಡಿ. ಮಾಮೂಲಿ ಚಾಲನೆಯ ಭಂಗಿಯಲ್ಲಿ ಕೂತು, ಕೈಗವಸು ಹಾಕಿಕೊಂಡೇ ವೀಲ್ ಬಿಚ್ಚಲು ಸಾಧ್ಯವಿರಬೇಕೆಂದು ಇಂಥದೇ ವಿದ್ಯಾರ್ಥಿ ಸ್ಪರ್ಧೆಯಾದ ಫಾರ್ಮುಲಾ ಎಸ್‌ಎಇಯ ನಿಯಮ ಹೇಳುತ್ತದೆ. ಇಡೀ ಸ್ಟೀರಿಂಗ್ ವ್ಯವಸ್ಥೆಯಲ್ಲಿ ಒಟ್ಟು ಸಡಿಲ 7 ಡಿಗ್ರಿ ಮೀರಬಾರದು ಎಂದೂ ಹೇಳುತ್ತದೆ. ಅದು ರ‍್ಯಾಕ್, ಜಾಯಿಂಟು, ಹಬ್ಬು ಎಲ್ಲ ಸೇರಿ. ನನ್ನ ಗಾಡಿಯಲ್ಲಿ ಹಬ್‌ನ ಪಾಲು ಸೊನ್ನೆ ಇರಲಿ ಎಂದು ಬಯಸುತ್ತೇನೆ. ಕೈಗವಸಿನ ಪರೀಕ್ಷೆಯನ್ನಂತೂ ಅಂಗಡಿಯಲ್ಲೇ ಮಾಡಿ. ಕೊಳ್ಳಲು ಹೋಗುವಾಗ ನಿಮ್ಮ ಗ್ಲೌಸ್ ಜೇಬಿನಲ್ಲಿರಲಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಒಳ್ಳೆಯ ಹಬ್ ಕೊಂಡವರೂ ಎಡವುವ ಜಾಗ ಅದನ್ನು ಕೂರಿಸುವಾಗ. ಎರಡು ದಾರಿ ಇವೆ. ಗಾಡಿಯ ಮೂಲ ಶಾಫ್ಟಿನ ಹಲ್ಲಿಗೆ ಹೊಂದುವ ಬಾಸ್ ಕಿಟ್ ಹಾಕಿ ಅದರ ಮೇಲೆ ಹಬ್ ಬೋಲ್ಟ್ ಮಾಡುವುದು ಒಂದು. ಶಾಫ್ಟ್ ಕತ್ತರಿಸಿ ಹಬ್‌ನ ಗಂಡು ಭಾಗವನ್ನು ವೆಲ್ಡ್ ಮಾಡುವುದು ಇನ್ನೊಂದು. ಬಾಸ್ ಕಿಟ್ ಗಾಡಿಗೆ ಗಾಡಿಗೆ ಬೇರೆ. ಜಿಪ್ಸಿಯದು ಥಾರ್‌ಗೆ ಕೂರುವುದಿಲ್ಲ, ಕೂರಿಸಲು ಅರ ಹಾಕಿ ಉಜ್ಜುವವರನ್ನು ಕಂಡಿದ್ದೇನೆ, ದಯವಿಟ್ಟು ಆ ಗ್ಯಾರೇಜಿನಿಂದ ಎದ್ದು ಬನ್ನಿ. ವೀಲಿನ ಬೋಲ್ಟ್ ಅಳತೆಯನ್ನೂ ಮೊದಲೇ ನೋಡಿಕೊಳ್ಳಿ. ಸ್ಪಾರ್ಕೊ, ಓಎಂಪಿ, ಮೊಮೊ ವೀಲ್‌ಗಳಲ್ಲಿ ಸಾಮಾನ್ಯವಾಗಿ ಆರು ಬೋಲ್ಟು 70 ಮಿಲಿಮೀಟರ್ ವೃತ್ತದಲ್ಲಿ, ನಾರ್ಡಿಯದು 74ರಲ್ಲಿ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ತೂತು ದೊಡ್ಡದು ಮಾಡಿ ಸರಿಪಡಿಸುವ ಯೋಚನೆಯೂ ಬೇಡ.

ವೆಲ್ಡಿಂಗ್ ವಿಷಯಕ್ಕೆ ಬಂದಾಗ ನನಗೆ ಇಟಲಿಯ ಇಮೋಲಾ ರೇಸ್ ಟ್ರ್ಯಾಕ್ ನೆನಪಾಗುತ್ತದೆ. 1994ರ ಮೇ 1ರಂದು ಅಲ್ಲಿ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾ ಅಪಘಾತದಲ್ಲಿ ತೀರಿಕೊಂಡ ವಿಲಿಯಮ್ಸ್ ಎಫ್‌ಡಬ್ಲ್ಯು 16 ಕಾರಿನ ಸ್ಟೀರಿಂಗ್ ಕಾಲಂ ಮುರಿದಿತ್ತು. ಸೆನ್ನಾಗೆ ಕಾಕ್‌ಪಿಟ್‌ನಲ್ಲಿ ಜಾಗ ಸಾಲದೆಂದು ಅದನ್ನು ಕತ್ತರಿಸಿ, ನಡುವೆ ಕಡಿಮೆ ವ್ಯಾಸದ ಕೊಳವೆ ಕೂಡಿಸಿದ್ದರು. ಮುರಿದ ಕಡೆ ಲೋಹ ದಣಿದು ಬಿರುಕು ಬಿಟ್ಟ ಗುರುತುಗಳಿದ್ದವು. ಮುರಿದದ್ದೇ ಅಪಘಾತಕ್ಕೆ ಕಾರಣವೋ, ಗೋಡೆಗೆ ಬಡಿದಾಗ ಮುರಿಯಿತೋ ಎಂದು ಇಟಲಿಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಆ ವಾದದಲ್ಲಿ ನಾನು ಇಳಿಯುವುದಿಲ್ಲ. ಜಗತ್ತಿನ ಅತ್ಯುತ್ತಮ ಕಾರ್ಖಾನೆಯೊಂದರಲ್ಲಿ ಮಾಡಿದ ಜೋಡಣೆಯ ಗತಿ ಹೀಗಿರುವಾಗ, ರಸ್ತೆ ಬದಿಯ ಗೇಟು ಗ್ರಿಲ್ ಮಾಡುವವರ ಕೈಲಿ ನಮ್ಮ ಸ್ಟೀರಿಂಗ್ ಕಾಲಂ ಕೊಡುವುದು ಹೇಗೆ ಎಂದು ಮಾತ್ರ ಕೇಳುತ್ತೇನೆ. ಟಿಗ್ ವೆಲ್ಡಿಂಗ್ ಬಲ್ಲ, ಶಾಫ್ಟನ್ನು ಲೇತ್‌ನಲ್ಲಿ ನೆಟ್ಟಗೆ ಹಿಡಿದು ಸೇರಿಸಬಲ್ಲ ಕೈಗೇ ಕೊಡಿ. ವೆಲ್ಡ್ ಮಾಡುವ ಮುಂಚೆ ಹಬ್‌ನ ಸ್ಪ್ರಿಂಗು, ಗುಂಡು, ಬಳೆ ಎಲ್ಲ ಬಿಚ್ಚಿಸಿ. ಕಾವು ತಗುಲಿದ ಸ್ಪ್ರಿಂಗ್ ಹದ ಕಳೆದುಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಹಬ್ ಉದ್ದವಾದಷ್ಟೂ ವೀಲ್ ಎದೆಗೆ ಹತ್ತಿರ ಬರುತ್ತದೆ. ಬಾಸ್, ಹಬ್, ಅದರ ಮೇಲೆ ಬಟ್ಟಲಿನಂತೆ ಆಳವಿರುವ ವೀಲ್ ಸೇರಿದರೆ ಮೂಲ ಜಾಗಕ್ಕಿಂತ ಒಂದು ಗೇಣು ಮುಂದೆ ಬಂದುಬಿಡುವುದೂ ಉಂಟು. ಬೆನ್ನು ಸೀಟಿಗೆ ಒರಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ವೀಲಿನ ಮೇಲ್ತುದಿಯಲ್ಲಿ ಕೂರಬೇಕು. ಹಬ್‌ನ ಉದ್ದವನ್ನು ಈ ಅಳತೆ ಹಿಡಿದು ಆರಿಸಿ, ಬೇಕಿದ್ದರೆ ಸೀಟ್ ಹಿಂದೆ ಸರಿಸಿ. ಹಾರನ್ ತಂತಿ ಹಬ್ ಮೂಲಕ ಹೋಗದಿದ್ದರೆ ಗುಂಡಿಯನ್ನು ಡ್ಯಾಶ್‌ಬೋರ್ಡಿಗೆ ತನ್ನಿ.

ರಸ್ತೆಯಲ್ಲಿ ಓಡಿಸುವ ಗಾಡಿಗೆ ಇದನ್ನು ಹಾಕಬಹುದೇ ಎಂದು ಕೇಳುವವರೇ ಹೆಚ್ಚು. ಬೇಡ. ಕಂಪನಿಯ ವೀಲ್ ತೆಗೆದರೆ ಅದರೊಳಗಿನ ಏರ್‌ಬ್ಯಾಗೂ ಹೋಯಿತು. ಡ್ಯಾಶ್‌ನಲ್ಲಿ ದೀಪ ಹತ್ತದಿರಲಿ ಎಂದು ರೆಸಿಸ್ಟರ್ ಹಾಕಿ ಮರೆಮಾಡುವವರಿದ್ದಾರೆ, ದೀಪ ಆರಿದರೂ ಏರ್‌ಬ್ಯಾಗ್ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ, ಅಪಘಾತವಾದಾಗ ಇನ್ಶೂರೆನ್ಸಿನವರೂ ಅದನ್ನೇ ಎತ್ತುತ್ತಾರೆ. ಕಳ್ಳತನ ತಪ್ಪುತ್ತದೆ ಎಂಬ ಮಾತನ್ನೂ ನಂಬಬೇಡಿ, ಗಟ್ಟಿ ಇಕ್ಕಳವೊಂದಿದ್ದರೆ ಬರೀ ಶಾಫ್ಟನ್ನೂ ತಿರುಗಿಸಬಹುದು. ಬಿಚ್ಚುವ ವೀಲ್ ಇರಬೇಕಾದ್ದು ರೋಲ್ ಕೇಜ್, ಬಕೆಟ್ ಸೀಟು, ನಾಲ್ಕು ಇಲ್ಲವೇ ಆರು ಪಟ್ಟಿಯ ಬೆಲ್ಟು ಇರುವ ಗಾಡಿಯಲ್ಲಿ. ಅಲ್ಲಿ ಅದು ಬೇಕೇ ಬೇಕು.

ಸಕಲೇಶಪುರದ ಹುಡುಗನಿಗೆ ನನ್ನ ಉತ್ತರ ಇದು: ಮೂರರಲ್ಲಿ ಎರಡನೆಯದು. ಬೆಲೆಯಲ್ಲಿ ನಡುವಿನದು, ಸ್ಪ್ಲೈನ್ ಇದೆ, ಹಳದಿ ಬಳೆ ಇದೆ, ಒಂದೇ ದಿಕ್ಕಿಗೆ ಕೂರುತ್ತದೆ. ವೀಲ್ ಹಾಕಿದಾಗ ಟಕ್ಕೆಂದು ಸದ್ದು ಬರುತ್ತದೆ, ಆದರೆ ಎಂಜಿನ್ ಸದ್ದಿನಲ್ಲಿ, ಹೆಲ್ಮೆಟ್ ಒಳಗೆ ಅದು ಕೇಳುವುದಿಲ್ಲ. ಆದ್ದರಿಂದ ಪ್ರತಿ ಸಲ, ಗಾಡಿ ಗೇರಿಗೆ ಹಾಕುವ ಮೊದಲು, ಎರಡೂ ಕೈಯಲ್ಲಿ ವೀಲ್ ಹಿಡಿದು ಎದೆಯ ಕಡೆಗೆ ಜೋರಾಗಿ ಎರಡು ಸಲ ಜಗ್ಗು. ಆಮೇಲೆ ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸಿ, ಬೆರಳಿಗೆ ಸಡಿಲ ಸಿಗುತ್ತದೆಯೇ ನೋಡು. ತಲೆಕೆಳಗಾದಾಗ ಬಿಚ್ಚುವುದನ್ನೂ ಮನೆಯಂಗಳದಲ್ಲೇ ಅಭ್ಯಾಸ ಮಾಡು, ಕಣ್ಣು ಮುಚ್ಚಿಕೊಂಡು, ಬೆಲ್ಟ್ ಕಟ್ಟಿಕೊಂಡು, ಒಂದೊಂದೇ ಕೈಯಲ್ಲಿ.

ಇನ್ನು ಓದುಗರಲ್ಲಿ ಒಂದು ಕೋರಿಕೆ. ಪೀಣ್ಯದ ಆ ಹಿರಿಯರು ನನ್ನ ಸವೆದ ಹಬ್ ವಾಪಸ್ ಕೊಡಲಿಲ್ಲ. ವೈಸಿಗೆ ಕಚ್ಚಿಸಿ, ಗ್ರೈಂಡರ್‌ನಲ್ಲಿ ನಡುಮಧ್ಯೆ ಎರಡು ತುಂಡು ಮಾಡಿ, ಗುಜರಿ ಡಬ್ಬಕ್ಕೆ ಎಸೆದರು. ನಿಮ್ಮಲ್ಲಿ ಯಾರ ಹತ್ತಿರವಾದರೂ ಸಡಿಲವಾದ ಹಬ್ ಇದ್ದರೆ ಸೆಕೆಂಡ್ ಹ್ಯಾಂಡ್ ಎಂದು ಯಾರಿಗೂ ಮಾರಬೇಡಿ, ಕೊಡಲೂಬೇಡಿ. ಕತ್ತರಿಸಿ ಗುಜರಿಗೆ ಹಾಕಿ.